ನಡುಗಡ್ಡೆಯಲ್ಲಿ ಆಮೆ ಕಾದ ಬೇಸಿಗೆ

ನನಗೆ ನೌಕರಿ ಸಿಕ್ಕದ್ದು ಗಂಡ ಸತ್ತದ್ದಕ್ಕೆ. ಹಾಗೆ ನೇರವಾಗಿ ಹೇಳಿದರೆ ಕೇಳುವವರಿಗೆ ಕಸಿವಿಸಿಯಾಗುತ್ತದೆ. ಆದರೆ ಸರಕಾರದ ಆದೇಶದಲ್ಲಿಯೂ ಇದ್ದದ್ದು ಅದೇ, ಅನುಕಂಪದ ಆಧಾರದ ಮೇಲೆ ಎಂದು. ಅವರು ಸರಕಾರಿ ಶಾಲೆಯಲ್ಲಿ ಮಾಸ್ತರರಾಗಿದ್ದರು. ಒಂದು ಸಂಜೆ ಸುರಪುರದಿಂದ ಶಹಾಪುರಕ್ಕೆ ಮೋಟರ್ ಸೈಕಲ್ಲಿನಲ್ಲಿ ಬರುವಾಗ, ಹತ್ತಿ ತುಂಬಿಕೊಂಡು ರಸ್ತೆಯ ಮೇಲೆಯೇ ಕೆಟ್ಟು ನಿಂತಿದ್ದ ಟ್ರ್ಯಾಕ್ಟರಿಗೆ ಹಿಂದಿನಿಂದ ಹಾಯ್ದರು. ಟ್ರ್ಯಾಕ್ಟರಿಗೆ ದೀಪ ಇರಲಿಲ್ಲ.

ನನಗೆ ಸುರಪುರದ ಒಂದು ಕಚೇರಿಯಲ್ಲಿ ಟೇಬಲ್ಲು ಕೊಟ್ಟರು. ದಿನಾ ಅದೇ ರಸ್ತೆ. ಬಸ್ಸು ಆ ಜಾಗ ದಾಟುವಾಗ ನಮ್ಮ ಓಣಿಯ ಹೆಂಗಸರು ಯಾರಾದರೂ ಪಕ್ಕದಲ್ಲಿದ್ದರೆ ನನ್ನ ಮುಖ ನೋಡುತ್ತಿದ್ದರು. ನನಗೆ ಏನೂ ಆಗುತ್ತಿರಲಿಲ್ಲ. ಹೊಲ ಕಾಣುತ್ತಿತ್ತು, ಜಾಲಿ ಗಿಡ ಕಾಣುತ್ತಿತ್ತು, ಮುಂದಿನ ಸೀಟಿನವರ ತಲೆಯ ಎಣ್ಣೆ ವಾಸನೆ ಬರುತ್ತಿತ್ತು. ಅಷ್ಟೇ. ಮಣ್ಣು ಮಾಡುವ ದಿನವೂ ನಾನು ಅಳಲಿಲ್ಲ. 'ಅಳವ್ವಾ, ಅತ್ತುಬಿಡು, ಹಗುರಾಗ್ತದ' ಎಂದು ಹೆಂಗಸರು ನನ್ನನ್ನು ಹಿಡಿದು ಅಲ್ಲಾಡಿಸಿದರು. ಅಲ್ಲಾಡಿದೆ, ಅಳು ಬರಲಿಲ್ಲ. ಆಮೇಲೆ ಅವರು ಅತ್ತೆಯನ್ನು ಹಿಡಿದು ಅಲ್ಲಾಡಿಸಿದರು. ಅವರೂ ಅಳಲಿಲ್ಲ.

ಮನೆಯಲ್ಲಿ ಉಳಿದದ್ದು ನಾನು, ಅತ್ತೆ. ನಮಗೆ ಮಕ್ಕಳಾಗಿರಲಿಲ್ಲ. ಮಾವ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆಗೂ ನನಗೂ ಜಗಳವಿರಲಿಲ್ಲ, ಪ್ರೀತಿಯೂ ಇರಲಿಲ್ಲ. ನಡುವೆ ನನ್ನ ಗಂಡ ಇದ್ದರು, ಅದರಿಂದ ನಡೆದುಕೊಂಡು ಹೋಗಿತ್ತು. ಈಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಪಲ್ಯ ಮಾಡುತ್ತಿದ್ದೆ, ಇಬ್ಬರೂ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆವು. ಟಿವಿ ಹಚ್ಚಿರುತ್ತಿತ್ತು, ಇಬ್ಬರೂ ನೋಡುತ್ತಿರಲಿಲ್ಲ.

ಕಚೇರಿಯಲ್ಲಿ ನನ್ನದು ಟಪಾಲಿನ ಕೆಲಸ. ಬಂದದ್ದನ್ನು ಒಡೆದು ಆಯಾ ಟೇಬಲ್ಲಿಗೆ ಮುಟ್ಟಿಸುವುದು. ಒಂದು ದಿನ ಒಂದು ಸುತ್ತೋಲೆ ಬಂತು. ಕೃಷ್ಣಾ ನದಿಯ ನಡುಗಡ್ಡೆಯೊಂದರಲ್ಲಿ ಮೆತ್ತನೆಯ ಚಿಪ್ಪಿನ ಆಮೆಗಳು ಮೊಟ್ಟೆ ಇಡುವುದನ್ನು, ಮರಿಯಾಗುವುದನ್ನು ಗಮನಿಸಿ ಕಾಯಲು ರಜಾದಿನಗಳಲ್ಲಿ ಸ್ವಯಂಸೇವಕರು ಬೇಕು ಎಂದಿತ್ತು. ಸೂಚನಾ ಫಲಕಕ್ಕೆ ಹಚ್ಚಿದೆ. ಯಾರೂ ನಿಂತು ಓದಲಿಲ್ಲ. ಒಬ್ಬ ಗುಮಾಸ್ತ ಓದಿ, 'ಮನ್ಯಾಗ ಮಕ್ಕಳನ್ನ ಕಾಯೂದ ಆಗವಲ್ದು, ಇನ್ನ ಆಮಿ ಕಾಯ್ತೀವಿ' ಎಂದು ನಕ್ಕು ಹೋದ.

ನನಗೆ ಆಮೆಯ ಮೇಲೆ ಯಾವ ಮಮತೆಯೂ ಇರಲಿಲ್ಲ. ರಜಾದಿನ ಎಂಬ ಶಬ್ದ ಕಣ್ಣಿಗೆ ಬಿತ್ತು. ಆದಿತ್ಯವಾರ ಬಂತೆಂದರೆ ನಮ್ಮ ಮನೆಗೆ ಯಾರಾದರೂ ಸಮಾಧಾನ ಹೇಳಲು ಬರುತ್ತಿದ್ದರು. ಅವರಿಗೆ ಚಹಾ ಮಾಡಬೇಕು, ಅವರೆದುರು ತಲೆ ತಗ್ಗಿಸಿ ಕೂಡಬೇಕು. ನದಿಯ ನಡುವೆ ಅವರು ಬರಲಾರರು. ಸುತ್ತೋಲೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

ಫೋನೆತ್ತಿದ್ದು ಯಾದಗಿರಿಯ ಕಡೆಯ ಒಬ್ಬ ಹುಡುಗಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಳು. ಮೊದಲು ಬೋನಾಳದ ಕೆರೆಯಲ್ಲಿ ಹಕ್ಕಿಗಳ ಅಧ್ಯಯನ ಮಾಡುತ್ತಿದ್ದವಳು ಈಗ ಆಮೆಗೆ ಬಂದಿದ್ದಳು. ನನಗಿಂತ ಚಿಕ್ಕವಳಾದರೂ ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸುರಪುರದಿಂದ ಟಂಟಂ ಆಟೋ ಹಿಡಿದು ಹೊಳೆ ದಂಡೆಯ ಹಳ್ಳಿಗೆ ಬರಲು ಹೇಳಿದಳು. ಹೋದಾಗ ಬೇವಿನ ಗಿಡದ ಕೆಳಗೆ ನಾವು ಮೂವರೇ ಇದ್ದೆವು: ಮೇಡಂ, ನಾನು, ನಿವೃತ್ತರಾದ ಒಬ್ಬ ಬಸ್ ಡ್ರೈವರು. ಅವರು ತಲೆಗೆ ಟವೆಲ್ಲು ಸುತ್ತಿಕೊಂಡು, ಕೈಯಲ್ಲಿ ಉಪ್ಪಿಟ್ಟಿನ ಡಬ್ಬಿ ಹಿಡಿದುಕೊಂಡು ಬಂದಿದ್ದರು.

'ಇಬ್ರೇ ಏನ್ರಿ?' ಎಂದರು ಡ್ರೈವರು.

'ಬಂದವರೇ ನಮ್ಮವರು ಕಾಕಾ' ಎಂದಳು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, 'ಅಕ್ಕಾ, ಮೊದಲ ಹೇಳಿಬಿಡ್ತೀನಿ. ಈ ಆಮಿ ಯಾವಾಗ ಮೊಟ್ಟಿ ಇಡ್ತಾವ, ಎಷ್ಟ್ ದಿನಕ್ಕ ಮರಿ ಆಗ್ತಾವ, ಈ ಹೊಳಿಯಾಗ ಯಾರೂ ಸರಿಯಾಗಿ ನೋಡಿಲ್ಲ. ನಮಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತನ ಕಾಯೂದು' ಎಂದಳು.

ಗೊತ್ತಿಲ್ಲದ್ದನ್ನು ಕಾಯುವುದು ನನಗೆ ಅನುಕೂಲವಾಗಿ ಕಂಡಿತು. ಅಲ್ಲಿ ಯಾರೂ ನನ್ನನ್ನು ಹೇಗಿದ್ದೀ ಎಂದು ಕೇಳುವುದಿಲ್ಲ.

ಚಳಿ ಇಳಿಯುವ ಹೊತ್ತಿಗೆ ಹೊಳೆ ಸಣ್ಣದಾಗಿ, ಬಂಡೆಗಳ ನಡುವೆ ಎರಡು ಮೂರು ಕವಲಾಗಿ ಹರಿಯುತ್ತಿತ್ತು. ತೆಪ್ಪದವನು ನಮ್ಮನ್ನು ಕೂಡಿಸಿಕೊಂಡು, ಸುತ್ತ ತಿರುಗಿಸುತ್ತ ತಿರುಗಿಸುತ್ತ ದಾಟಿಸಿದ. ನಡುಗಡ್ಡೆ ಎಂದರೆ ದೊಡ್ಡದೇನಲ್ಲ. ಒಂದು ಬದಿ ಕರಿ ಬಂಡೆ, ಆಪು ಹುಲ್ಲು, ನಡುವೆ ಜಾಲಿ ಪೊದೆ, ಇನ್ನೊಂದು ಬದಿ ಉದ್ದಕ್ಕೆ ಉಸುಕು. ಉಸುಕಿನ ಮೇಲೆ ಕಟ್ಟಿಗೆ ನೆಟ್ಟು ಗರಿ ಹೊದಿಸಿದ ಒಂದು ಚಪ್ಪರವಿತ್ತು. ನಾವು ಮಾಡಬೇಕಾದದ್ದು ಬೆಳಕು ಹರಿಯುತ್ತಲೇ ಉಸುಕಿನ ಅಂಚಿನಲ್ಲಿ ನಡೆದು ಆಮೆ ಹತ್ತಿ ಬಂದ ಗುರುತು ಇದೆಯೇ ಎಂದು ನೋಡುವುದು. ಗೂಡು ಸಿಕ್ಕರೆ ಮೇಲೆ ಕಬ್ಬಿಣದ ಜಾಳಿಗೆ ಹಾಕಿ ಕಲ್ಲು ಹೇರುವುದು. ನಾಯಿ, ನರಿ, ಉಡ ಬರದ ಹಾಗೆ, ಮನುಷ್ಯರೂ ಬರದ ಹಾಗೆ ಕೂಡುವುದು. ವಾರದ ದಿನಗಳಲ್ಲಿ ಮೇಡಂನ ವಿದ್ಯಾರ್ಥಿಗಳು ಸರತಿಯಲ್ಲಿ ಬರುತ್ತಿದ್ದರು. ಶನಿವಾರ ರಾತ್ರಿ ನಾನು ಹಳ್ಳಿಯಲ್ಲಿ ತೆಪ್ಪದವನ ಮನೆಯಲ್ಲಿ ಅವನ ಹೆಂಡತಿಯ ಪಕ್ಕ ಮಲಗಿ, ನಸುಕಿಗೆ ಎದ್ದು ದಾಟುತ್ತಿದ್ದೆ.

ಮೊದಲ ಹಲವು ವಾರ ಏನೂ ಇಲ್ಲ. ಕೊಕ್ಕರೆ ಹೆಜ್ಜೆ, ನಾಯಿ ಹೆಜ್ಜೆ, ನಮ್ಮದೇ ಹೆಜ್ಜೆ. ಕಾಕಾ ಮಾತ್ರ ಮಾತಾಡುತ್ತಲೇ ಇರುತ್ತಿದ್ದರು. ಹೈದರಾಬಾದ್ ಗಾಡಿ, ಸೊಲ್ಲಾಪುರ ಗಾಡಿ, ಯಾವ ಘಾಟಿನಲ್ಲಿ ಬ್ರೇಕ್ ಹೋಯಿತು, ಯಾವ ಪ್ರಯಾಣಿಕಳಿಗೆ ಬಸ್ಸಿನಲ್ಲೇ ಹೆರಿಗೆಯಾಯಿತು. ನಾನು ಹೂಂ ಎನ್ನುತ್ತಿದ್ದೆ. ಅವರಿಗೆ ಅಷ್ಟು ಸಾಕಾಗುತ್ತಿತ್ತು.

ಮನೆಯಲ್ಲಿ ನಾನು ಎಲ್ಲವನ್ನೂ ಹೇಳಿಯೇ ಹೋಗುತ್ತಿದ್ದೆ. ಆದರೆ ಅತ್ತೆ ನಂಬಿರಲಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಚೀಲ ಹಿಡಿದು ಹೊರಟಾಗ ಅವರೂ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು.

'ನಾನೂ ಬರ್ತೀನಿ' ಎಂದರು.

'ಎಲ್ಲಿಗ್ರಿ ಅತ್ತಿ?'

'ನೀ ಎಲ್ಲಿ ಹೊಂಟೀದಿ ಅಲ್ಲಿಗೆ.'

'ಬಿಸಲ ಭಾಳ ಇರ್ತದ್ರಿ. ಉಸುಕಿನ್ಯಾಗ ನಡೀಬೇಕು. ಆಮಿ ಕಾಯೂದು ಅಂತ ಹೇಳೀನಲ್ರಿ.'

'ಆಮಿ ಏನು ಆಕಳ ಕರು ಏನು, ಕಾಯಾಕ? ಗಂಡ ಹೋಗಿ ವರ್ಷ ಆಗಿಲ್ಲ, ವಾರವಾರ ರಾತ್ರಿ ಹೊರಗ ಮಲಗಿ ಬರ್ತಿ. ಓಣ್ಯಾಗ ಮಂದಿ ನನ್ನ ಕೇಳಾಕತ್ಯಾರ. ನಾ ಏನ್ ಹೇಳಲಿ?'

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. 'ಬರ್ರಿ' ಎಂದೆ.

ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂಡಲಿಲ್ಲ, ಹಿಂದಿನ ಸೀಟಿನಲ್ಲಿ ಕೂತರು. ಪೊಲೀಸರು ಕಳ್ಳನನ್ನು ಕರೆದೊಯ್ಯುವ ಹಾಗಿತ್ತು. ಮರುದಿನ ನಸುಕಿನಲ್ಲಿ ತೆಪ್ಪ ಹತ್ತುವಾಗ ಮೊಸಳೆಯ ಮಾತು ತೆಗೆದು ದೇವರ ಹೆಸರುಗಳನ್ನೆಲ್ಲ ಹೇಳಿದರು. ದಡ ಮುಟ್ಟಿದಾಗ ಚಪ್ಪರದಲ್ಲಿ ಕಾಕಾ ಒಲೆ ಊದುತ್ತ ಕೂತಿದ್ದರು. ಹೊಗೆಗೆ ಕಣ್ಣೀರು ಬಂದು, ಮೂಗು ಕೆಂಪಾಗಿ, ಟವೆಲ್ಲು ಜಾರಿತ್ತು.

ಅತ್ತೆ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನನ್ನ ಕಿವಿಯ ಹತ್ತಿರ ಬಂದು, 'ಇಂವನೇನು?' ಎಂದರು.

'ಇವರೇ ಅತ್ತಿ ಕಾಕಾ. ಮತ್ಯಾರೂ ಇಲ್ಲ.'

'ಬರ್ರಿ ಅಕ್ಕಾರ, ಕೂಡ್ರಿ. ಚಹಾ ಆಗಾಕತ್ತದ' ಎಂದರು ಕಾಕಾ. ಎದ್ದು ನಿಲ್ಲಲು ಹೋಗಿ ಮೊಣಕಾಲು ಹಿಡಿದು ಮತ್ತೆ ಕೂತರು.

ಅತ್ತೆಗೆ ಅಲ್ಲಿಗೆ ಸಂಶಯ ತೀರಿತೆಂದು ಕಾಣುತ್ತದೆ. 'ಹಸೀ ಕಟಗಿ ಹಚ್ಚಿದ್ರ ಹೊಗಿ ಬರದ ಏನ್ ಬರ್ತದ' ಎಂದು ಒಲೆಯ ಮುಂದೆ ಅವರೇ ಕೂತರು.

ಅವತ್ತು ಚಹಾ ಕುಡಿಯುವ ಮೊದಲೇ ನಾನು ಅಂಚಿನಲ್ಲಿ ಒಂದು ಸುತ್ತು ಹೋದೆ. ಸೂರ್ಯ ಇನ್ನೂ ಬಂದಿರಲಿಲ್ಲ. ಉಸುಕಿನ ಮೇಲೆ ನೀರಿನಿಂದ ಎದ್ದು ಬಂದ ಅಗಲ ಗೆರೆ ಕಂಡಿತು, ಯಾರೋ ಒದ್ದೆ ಗೋಣಿಚೀಲ ಎಳೆದುಕೊಂಡು ಹೋದ ಹಾಗೆ, ಎರಡೂ ಬದಿಗೆ ಉಗುರಿನ ಗೀರು. ಗೆರೆ ಮೇಲೆ ಹೋಗಿತ್ತು, ವಾಪಸು ಬಂದಿರಲಿಲ್ಲ. ಕಣ್ಣು ಎತ್ತಿದೆ. ಆಪು ಹುಲ್ಲಿನ ಹತ್ತಿರ ಅದು ಇತ್ತು.

ನಾನು ಅಂದುಕೊಂಡಿದ್ದ ಆಮೆಯ ಹಾಗೆ ಇರಲಿಲ್ಲ. ಡುಬ್ಬದ ಬೆನ್ನಿಲ್ಲ. ಚಪ್ಪಟೆಯಾಗಿ, ಹಸಿರು ಬೂದು ಬಣ್ಣದ ತೊಗಲು ಹೊದ್ದಂತೆ, ಅಂಚು ಮೆತ್ತಗೆ ಅಲುಗುತ್ತಿತ್ತು. ಮೂತಿ ಸಣ್ಣ ಕೊಳವೆಯಂತೆ ಮುಂದೆ ಚಾಚಿತ್ತು. ಹಿಂಗಾಲಿನಿಂದ ಉಸುಕು ತೋಡುತ್ತಿತ್ತು, ಒಂದು ಕಾಲು ತೋಡುವುದು, ಇನ್ನೊಂದು ಕಾಲು ಸರಿಸುವುದು. ಚಪ್ಪರದಲ್ಲಿದ್ದವರಿಗೆ ಸಪ್ಪಳ ಮಾಡಬೇಡಿ ಎಂದು ಕೈ ಮಾಡಿದೆ. ಅತ್ತೆ ಬಂದು ನನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತರು. ನಮ್ಮೆದುರಿಗೇ ಅದು ಮೊಟ್ಟೆ ಇಟ್ಟಿತು. ಬಿಳಿ, ದುಂಡಗೆ, ಒದ್ದೆ. ಬಿದ್ದಾಗ ಸಪ್ಪಳವಿಲ್ಲ. ಇಟ್ಟು ಮುಗಿದ ಮೇಲೆ ಮತ್ತೆ ಹಿಂಗಾಲಿನಿಂದಲೇ ಮುಚ್ಚಿ, ಮೈಯಿಂದ ಒತ್ತಿ, ತಿರುಗಿ ನೋಡದೆ ನೀರಿಗೆ ಹೋಯಿತು.

'ಹೋಗೇಬಿಡ್ತಲ್ಲ' ಎಂದರು ಅತ್ತೆ.

'ಹೋಗ್ತದ ಆಯಿ. ಮತ್ತ ಬರಂಗಿಲ್ಲ' ಎಂದಳು ಆ ಹೊತ್ತಿಗೆ ಓಡಿ ಬಂದಿದ್ದ ಮೇಡಂ. ಅವಳ ಮುಖ ಬೆಳಗಿತ್ತು. ನನ್ನ ಎರಡೂ ಕೈ ಹಿಡಿದು, 'ಅಕ್ಕಾ, ನೀವು ನೋಡಿದ್ರಿ! ನಾ ಇಷ್ಟ ದಿನಾ ಬರೇ ಗೂಡ ನೋಡೀನಿ, ಇಡೂದು ನೋಡಿರಲಿಲ್ಲ' ಎಂದಳು. ನಾನೂ ನಕ್ಕೆ. ನಗಬೇಕಾದ ಜಾಗ ಅದೆಂದು ತಿಳಿಯುತ್ತಿತ್ತು.

ಮುಂದಿನ ಶನಿವಾರ ಅತ್ತೆ ಯಾವ ಮಾತೂ ಇಲ್ಲದೆ ನಾಲ್ಕು ಮಂದಿಗೆ ಆಗುವಷ್ಟು ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ತಯಾರಾಗಿದ್ದರು. ಈ ಸಲ ಪಕ್ಕದಲ್ಲೇ ಕೂತರು. ಹಾಗೆ ಅವರೂ ಆಮೆ ಕಾಯುವವರಾದರು.

ಬಿಸಿಲು ಏರಿತು. ಇನ್ನೂ ಕೆಲವು ಗೂಡು ಸಿಕ್ಕವು. ಒಂದನ್ನು ನಾವು ಜಾಳಿಗೆ ಹಾಕುವ ಮೊದಲೇ ನಾಯಿಗಳು ಬಗೆದು ತಿಂದಿದ್ದವು. ಅತ್ತೆ ಆ ದಿನ ಕೈಯಲ್ಲಿ ಬಡಿಗೆ ಹಿಡಿದು ಗಡ್ಡೆಯ ಮೇಲಿದ್ದ ನಾಯಿಗಳನ್ನೆಲ್ಲ ನೀರಿಗೆ ಹಾರುವವರೆಗೆ ಅಟ್ಟಿದರು. ಉಳಿದ ಹೊತ್ತಿನಲ್ಲಿ ಅವರೂ ಕಾಕಾನೂ ಜಗಳವಾಡುತ್ತಿದ್ದರು. ಕಾಕಾ ಹೇಳಿದ ಕತೆಯಲ್ಲಿ ಬಸ್ಸು ಶಿರವಾಳದ ಹಾದಿಯಲ್ಲಿ ಕೆಟ್ಟಿದ್ದರೆ, 'ಹೋದ ವಾರ ಬೋನಾಳದಾಗ ಕೆಟ್ಟಿತ್ತಲ್ಲ?' ಎಂದು ಅತ್ತೆ ಹಿಡಿಯುತ್ತಿದ್ದರು. ನಾನು ಜಾಲಿಯ ನೆರಳಿನಲ್ಲಿ ಕೂತು ಜಾಳಿಗೆಗಳನ್ನು ನೋಡುತ್ತಿದ್ದೆ. ಜಾಳಿಗೆಯ ಕೆಳಗೆ ಬರೀ ಉಸುಕು. ಒಳಗೆ ಏನಾಗುತ್ತಿದೆ ಎಂದು ಹೊರಗಿನಿಂದ ತಿಳಿಯುವ ಹಾಗಿರಲಿಲ್ಲ. ಅದನ್ನು ನೋಡುತ್ತ ದಿನ ಕಳೆಯುವುದು ನನಗೆ ಕಷ್ಟವಾಗುತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ಗುರುಮಠಕಲ್ಲಿನಿಂದ ನನ್ನ ಅಣ್ಣ ಬಂದ. ನಮ್ಮ ತವರಿನಲ್ಲಿ ಅರ್ಧ ಮಾತು ತೆಲುಗು. ಅತ್ತೆ ಒಳಗಿರುವಾಗಲೇ ಅಣ್ಣ ನನ್ನೊಡನೆ ತೆಲುಗಿನಲ್ಲಿ ಮಾತಾಡಿದ. ಎಷ್ಟು ದಿನ ಇಲ್ಲಿರುತ್ತೀ, ನಡಿ, ಅಲ್ಲಿಗೇ ವರ್ಗ ಮಾಡಿಸಿಕೊಳ್ಳುವಿಯಂತೆ, ಒಂದು ಸಂಬಂಧವೂ ಇದೆ, ಅವನಿಗೂ ಹೆಂಡತಿ ಇಲ್ಲ, ಎಂದ. ಅತ್ತೆಗೆ ತೆಲುಗು ಬಾರದು. ಆದರೆ ಅವರು ಒಳಗೆ ಪಾತ್ರೆ ಇಡುವ ಸಪ್ಪಳ ನಿಂತಿತು.

ನನಗೆ ಹೋಗಬೇಕು ಎನಿಸಲಿಲ್ಲ, ಇರಬೇಕು ಎಂದೂ ಎನಿಸಲಿಲ್ಲ. ಏನಾದರೂ ಹೇಳಬೇಕಿತ್ತು. 'ಮೊಟ್ಟಿ ಒಡೆದ ಮ್ಯಾಲೆ ನೋಡೋಣ ಅಣ್ಣಾ' ಎಂದು ಕನ್ನಡದಲ್ಲೇ ಹೇಳಿದೆ.

'ಯಾರ ಮೊಟ್ಟಿ?'

'ಆಮಿ ಮೊಟ್ಟಿ. ಹೊಳ್ಯಾಗ.'

ಅಣ್ಣ ನನ್ನನ್ನು ಬಹಳ ಹೊತ್ತು ನೋಡಿದ. ಹೋಗುವಾಗ ಅಂಗಳದಲ್ಲಿ ಅತ್ತೆಗೆ, 'ಡಾಕ್ಟರ್‌ಗೆ ತೋರಿಸ್ರಿ ಆಕೀನ್ನ' ಎಂದು ಮೆಲ್ಲಗೆ ಹೇಳಿ ಹೋದ. ಆ ರಾತ್ರಿ ಅತ್ತೆ ಟಿವಿ ಹಚ್ಚಲಿಲ್ಲ.

ಬೇಸಿಗೆಯ ಕೊನೆಗೆ ಒಂದು ಶನಿವಾರ ಮಧ್ಯಾಹ್ನ ನಾವು ಹಳ್ಳಿ ಮುಟ್ಟಿದಾಗ ಡಂಗುರ ಸಾರುತ್ತಿದ್ದರು. ಕೆಳಗಿನ ಊರುಗಳಿಗೆ ಕುಡಿಯುವ ನೀರಿಗಾಗಿ ಮೇಲಿನ ಆಣೆಕಟ್ಟಿನಿಂದ ಹೊಳೆಗೆ ನೀರು ಬಿಡುತ್ತಾರೆ, ದನ ಕರು ಇಳಿಸಬೇಡಿ, ದಂಡೆಯ ಪಂಪ್ ಮೋಟರು ಎತ್ತಿಕೊಳ್ಳಿ ಎಂದು. ಮೇಡಂ ಆಗಲೇ ದಂಡೆಯ ಮೇಲೆ ಎರಡು ಪ್ಲಾಸ್ಟಿಕ್ ಬುಟ್ಟಿ ಹಿಡಿದು ನಿಂತಿದ್ದಳು. ಅವಳ ಮುಖ ಬಿಳಿಚಿತ್ತು.

'ಮೇಲಿನ ಗೂಡು ಉಳೀತಾವ. ಕೆಳಗಿಂದು, ನೀವು ನೋಡಿದ್ದು, ಅದು ಮುಳಗ್ತದ. ಎತ್ತಿ ಮ್ಯಾಲ ಇಡಬೇಕು. ಈಗ ಎತ್ತಿದ್ರ ಉಳೀತಾವೋ ಇಲ್ಲೋ ಹೇಳಾಕ ಬರಂಗಿಲ್ಲ. ಎತ್ತಲಿಲ್ಲಂದ್ರ ಮಾತ್ರ ಖರೇ ಸಾಯ್ತಾವ' ಎಂದಳು.

'ಮತ್ತ ನಿಂತೇನ್ ಮಾಡ್ತಿ? ನಡಿ ಜಲ್ದಿ' ಎಂದರು ಅತ್ತೆ.

ಕಾಕಾನೂ ಸೇರಿ ನಾಲ್ವರೂ ದಾಟಿದೆವು. ನೀರಿನ ಬಣ್ಣ ಆಗಲೇ ಮಾಸಿತ್ತು, ಬಂಡೆಯ ಬುಡದಲ್ಲಿ ನೊರೆ ಕಟ್ಟಿತ್ತು. ತೆಪ್ಪದವನು ದಂಡೆಯಲ್ಲೇ ಹುಟ್ಟು ಹಿಡಿದು ನಿಂತು, 'ತಡಾ ಮಾಡಬ್ಯಾಡ್ರಿ' ಎಂದು ಕೂಗುತ್ತಿದ್ದ. ಮೇಡಂ ಜಾಳಿಗೆ ತೆಗೆದು ಬೆರಳಿನಿಂದ ಉಸುಕು ಸರಿಸಿದಳು. ಒಂದೊಂದೇ ಮೊಟ್ಟೆ ಇದ್ದ ಹಾಗೆಯೇ ಎತ್ತಬೇಕು, ಮೇಲಿನ ಬದಿ ಮೇಲೇ ಇರಬೇಕು, ತಿರುಗಿದರೆ ಒಳಗಿನ ಮರಿ ಸಾಯುತ್ತದೆ ಎಂದಳು. ಅವಳು ಎತ್ತಿ ಕೊಡುವುದು, ನಾನು ಬುಟ್ಟಿಯ ಉಸುಕಿನಲ್ಲಿ ಇಡುವುದು. ಮೇಡಂನ ಕೈ ನಡುಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು, 'ಅಕ್ಕಾ, ನೀವು ಎತ್ರಿ. ನನ್ನ ಕೈ ನಿಲ್ಲವಲ್ದು' ಎಂದಳು.

ನನ್ನ ಕೈ ನಡುಗುತ್ತಿರಲಿಲ್ಲ. ನಡುಗಲು ಒಳಗೆ ಏನೋ ಇರಬೇಕಲ್ಲ. ಆ ದಿನ ಮಾತ್ರ ನನ್ನ ಜಡತನ ಉಪಯೋಗಕ್ಕೆ ಬಂತು. ಒಂದೊಂದಾಗಿ ಎತ್ತಿದೆ. ಮೊಟ್ಟೆ ಬೆಚ್ಚಗಿದ್ದವು. ಕಾಕಾ ಮೇಲೆ ಬಂಡೆಯ ಮಗ್ಗುಲಿನ ಎತ್ತರದ ಉಸುಕಿನಲ್ಲಿ ಗುಣಿ ತೋಡಿದರು. ಅತ್ತೆ ಒಂದು ಬುಟ್ಟಿ ಎದೆಗವಚಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ, ತುಂಬಿದ ಎಣ್ಣೆಯ ಬಟ್ಟಲು ಹಿಡಿದವರಂತೆ ಹತ್ತಿದರು. ನಾವು ಮುಚ್ಚಿ ಜಾಳಿಗೆ ಹಾಕಿ ಇಳಿದಾಗ ಹಳೆಯ ಗೂಡಿನ ಜಾಗಕ್ಕೆ ನೀರು ಬಂದಿತ್ತು. ದಾಟುವಾಗ ತೆಪ್ಪ ಎರಡು ಸಲ ಬಂಡೆಗೆ ಬಡಿಯಿತು. ಕಾಕಾ ಅವತ್ತೇ ಮೊದಲು ಬಾಯಿ ಮುಚ್ಚಿಕೊಂಡು ಕೂತದ್ದು.

ನೀರು ಕೆಲವು ದಿನಕ್ಕೆ ಇಳಿಯಿತು. ಮುಂಗಾರಿನ ಮೊದಲ ಮಳೆ ಒಂದು ಸಲ ಬಂದು ಉಸುಕು ನೆನೆಸಿ ಹೋಯಿತು. ಅದಾದ ಮೇಲೆ ಒಂದು ಆದಿತ್ಯವಾರ ನಸುಕಿನಲ್ಲಿ ಅತ್ತೆ ಬಂಡೆಯ ಮಗ್ಗುಲಿನಿಂದ ಕೂಗಿದರು, 'ಏ ಬರ್ರೇ! ಉಸುಕು ಅಲಗಾಡಾಕತ್ತದ!'

ಜಾಳಿಗೆಯ ಕೆಳಗೆ ಉಸುಕು ಸಣ್ಣಗೆ ಕುಸಿಯುತ್ತಿತ್ತು. ಕುಸಿದ ಜಾಗದಲ್ಲಿ ಒಂದು ಮೂತಿ ಬಂತು. ಆಮೇಲೆ ಇನ್ನೊಂದು. ಅಂಗೈ ಗುಣಿಯಲ್ಲಿ ಕೂಡುವಷ್ಟು ಮರಿಗಳು, ಬೆನ್ನ ಮೇಲೆ ಕಣ್ಣು ಬರೆದ ಹಾಗೆ ಕಪ್ಪು ಚುಕ್ಕೆ. ಮೇಡಂ ಜಾಳಿಗೆ ಎತ್ತಿದಳು. ಅವು ಒಂದರ ಮೇಲೊಂದು ಹತ್ತಿ, ಉರುಳಿ, ಇಳಿಜಾರಿನಲ್ಲಿ ನೀರಿನ ಕಡೆ ಹೊರಟವು. ದಾರಿ ತೋರಿಸುವವರು ಯಾರೂ ಇರಲಿಲ್ಲ. ನಾವು ಎರಡೂ ಬದಿಗೆ ಸಾಲಾಗಿ ನಿಂತು ಕಾಗೆ ಓಡಿಸಿದೆವು. ಕಾಕಾ ಬಸ್ಸು ಹಿಂದೆ ತೆಗೆಯುವಾಗ ಹೇಳುವ ಹಾಗೆ 'ಬರ್ಲಿ, ಬರ್ಲಿ, ಬರೋಬರ್, ಬರ್ಲಿ' ಎನ್ನುತ್ತಿದ್ದರು. ಮೇಡಂ ಅಳುತ್ತ ಫೋಟೋ ತೆಗೆಯುತ್ತಿದ್ದಳು. ಮರಿಗಳು ನೀರಿನ ಅಂಚು ಮುಟ್ಟಿ, ಒಂದು ಕ್ಷಣ ತೇಲಿ, ಕಾಣದಾದವು.

ನಾನು ಕಾದೆ. ಈಗ ಏನಾದರೂ ಆಗುತ್ತದೆ, ಎದೆಯಲ್ಲಿ ಏನಾದರೂ ಒಡೆಯುತ್ತದೆ ಎಂದು ನಿಂತೇ ಇದ್ದೆ. ಏನೂ ಆಗಲಿಲ್ಲ. ಹಸಿವಾಗಿತ್ತು. ಚಪ್ಪರಕ್ಕೆ ಹೋಗಿ ರೊಟ್ಟಿ ಮುರಿದು ಹಿಂಡಿ ಹಚ್ಚಿಕೊಂಡು ತಿಂದೆ. ಹಿಂಡಿಯಲ್ಲಿ ಉಪ್ಪು ಹೆಚ್ಚಾಗಿತ್ತು.

ಬಿಸಿಲೇರಿದ ಮೇಲೆ ಮೇಡಂ ಆ ಗೂಡನ್ನು ಪೂರಾ ತೋಡಿದಳು. ಒಡೆದ ಸಿಪ್ಪೆಗಳ ಕೆಳಗೆ ಒಡೆಯದ ಮೊಟ್ಟೆಗಳೂ ಇದ್ದವು, ಮರಿಯಾದವುಗಳಿಗಿಂತ ತುಸು ಹೆಚ್ಚೇ. ಅವಳು ಅವನ್ನು ಒಂದು ತಾಟಿನಲ್ಲಿ ಸಾಲಾಗಿ ಇಟ್ಟು, ಚೀಲದಿಂದ ಸಣ್ಣ ಕತ್ತರಿ ತೆಗೆದಳು.

'ಏನ್ ಮಾಡಾಕತ್ತಿ?' ಎಂದರು ಅತ್ತೆ.

'ಕೊಯ್ದು ನೋಡ್ಬೇಕು ಆಯಿ. ಒಳಗ ಎಷ್ಟ ಬೆಳದಿದ್ವು, ಯಾವಾಗ ಸತ್ತಾವ ಅಂತ.'

'ಬ್ಯಾಡ.' ಅತ್ತೆ ತಾಟಿನ ಮೇಲೆ ಕೈ ಇಟ್ಟರು. 'ಕೊಯ್ಯಬ್ಯಾಡ. ಸತ್ತಾವಲ್ಲ, ಸಾಕಲ್ಲ. ಮುಚ್ಚಿಬಿಡು.'

ಮೇಡಂಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ನನ್ನ ಗಂಡನನ್ನು ಆಸ್ಪತ್ರೆಗೆ ತಂದ ರಾತ್ರಿ, ಪೋಸ್ಟ್‌ಮಾರ್ಟಂ ಆಗದೆ ಹೆಣ ಕೊಡುವುದಿಲ್ಲ ಎಂದಾಗ ಅತ್ತೆ ಆ ಬಾಗಿಲಿನಲ್ಲಿ ಅಡ್ಡ ಕೂತಿದ್ದರು. ಕೊಯ್ಯಬ್ಯಾಡ್ರಿ, ನನ್ನ ಮಗನ್ನ ಕೊಯ್ಯಬ್ಯಾಡ್ರಿ ಎಂದು ಒಂದೇ ಮಾತು. ಕಡೆಗೆ ಇಬ್ಬರು ಹೆಂಗಸರು ತೋಳು ಹಿಡಿದು ಎಬ್ಬಿಸಿದ್ದರು. ಆಮೇಲೆ ಆ ಮಾತನ್ನು ಮನೆಯಲ್ಲಿ ನಾವು ಯಾರೂ ಎತ್ತಿರಲಿಲ್ಲ. ನಾನು ಮೇಡಂಗೆ ಎರಡು ಮಾತಿನಲ್ಲಿ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟಳು.

ಕಾಕಾ ಎದ್ದು ನೀರಿನ ಕಡೆ ಹೋದರು. ಅತ್ತೆ ಕೈ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದರು, 'ಕೊಯ್ದ್ರ ಯಾಕ ಸತ್ತಾವ ಅಂತ ಗೊತ್ತಾಗ್ತದೇನು?'

'ಒಮ್ಮೊಮ್ಮೆ ಗೊತ್ತಾಗ್ತದ ಆಯಿ. ನಾವು ಎತ್ತಿದಾಗ ಸತ್ತಾವೋ, ಅದಕ್ಕೂ ಮೊದಲೇ ಸತ್ತಿದ್ವೋ ತಿಳೀತದ. ಮುಂದಿನ ವರ್ಷಕ್ಕ ಬೇಕಾಗ್ತದ.'

ಅತ್ತೆ ಕೈ ತೆಗೆದರು. 'ನೋಡು. ಆದ್ರ ನನಗ ಕಾಣದಂಗ ಮಾಡು' ಎಂದು ಜಾಲಿಯ ಆಚೆ ಹೋಗಿ ಬೆನ್ನು ತಿರುಗಿಸಿ ಕೂತರು. ಮೇಡಂ ನೋಡಿದಳು. ಬಹಳಷ್ಟು ಮೊದಲೇ ಸತ್ತಿದ್ದವು. ಎರಡು ಮೂರು ಮಾತ್ರ ಪೂರಾ ಬೆಳೆದಿದ್ದವು, ಅವು ಎತ್ತಿದ ಮೇಲೆ ಸತ್ತಿರಬಹುದು ಎಂದಳು. ಎಲ್ಲವನ್ನೂ ಮತ್ತೆ ಅದೇ ಗುಣಿಯಲ್ಲಿ ಹಾಕಿ ಮುಚ್ಚಿದೆವು.

ಸಂಜೆ ಸುರಪುರದಿಂದ ಬಸ್ಸು ಹತ್ತಿದಾಗ ಅತ್ತೆ ಕಿಟಕಿಯ ಪಕ್ಕ ಕೂಡುತ್ತೇನೆ ಎಂದರು. ಎಂದೂ ಕೇಳಿದವರಲ್ಲ. ಬಸ್ಸು ಊರು ದಾಟಿತು. ಹೊರಗೆ ನೋಡುತ್ತಲೇ ಅವರು ಕೇಳಿದರು:

'ಅವಗ ನೋವ ಆಗಿತ್ತೇನು?'

ನಾನು ಗಾಬರಿಯಾಗಲಿಲ್ಲ. ಅವರು ಕೇಳುವುದಕ್ಕೆ ಇಷ್ಟು ದಿನ ಬೇಕಾಯಿತಲ್ಲ ಎನಿಸಿತು. 'ಇಲ್ರಿ ಅತ್ತಿ. ಡಾಕ್ಟರ್ ನನಗ ಹೇಳ್ಯಾರ. ಬಡಿದ ಕೂಡಲೇ ಹೋಗ್ಯಾರ. ಗೊತ್ತಾಗಿರಾಕ ಇಲ್ಲ.'

'ಕೊಯ್ದ ಮ್ಯಾಲ ಹೇಳಿದ್ರೇನು?'

'ಹೌದ್ರಿ. ಕೊಯ್ದ ಮ್ಯಾಲ.'

'ನನಗ್ಯಾಕ ಹೇಳಲಿಲ್ಲ ನೀ?'

'ನೀವು ಕೇಳಲಿಲ್ಲ. ಕೇಳಿದ್ರ ನಿಮಗ ತ್ರಾಸ ಆಗ್ತದ ಅಂತ...'

'ನಾ ದಿನಾ ರಾತ್ರಿ ಅದನ್ನ ಯೋಚನಿ ಮಾಡೀನಿ. ರಸ್ತಾದ ಮ್ಯಾಲ ಬಿದ್ದು ನೀರ ಕೇಳಿದ್ನೋ ಏನೋ ಅಂತ.' ಅವರು ಸೆರಗು ಬಾಯಿಗೊತ್ತಿ ಅತ್ತರು. ಸಪ್ಪಳ ಮಾಡದೆ ಅಳಲು ನೋಡಿದರು, ಆಗಲಿಲ್ಲ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಬಂದು, ಏನಾಯಿತು ಎಂದು ನನ್ನನ್ನು ಕಣ್ಣಿನಲ್ಲೇ ಕೇಳಿದ. ಏನಿಲ್ಲ ಎಂದು ಕೈ ಮಾಡಿದೆ. ನಾನು ಅವರ ಬೆನ್ನ ಮೇಲೆ ಕೈ ಇಟ್ಟು ಕೂತೆ. ಅವರ ಬೆನ್ನು ಎಷ್ಟು ಸಣ್ಣದಿದೆ ಎಂದು ಅಂದೇ ನನಗೆ ತಿಳಿದದ್ದು. ನನಗೆ ಅಳು ಬರಲಿಲ್ಲ. ಶಹಾಪುರದ ಗುಡ್ಡ ಕಾಣಿಸುವ ಹೊತ್ತಿಗೆ ಅವರು ಮುಖ ಒರೆಸಿಕೊಂಡು, ಮನೆಯಲ್ಲಿ ಹಾಲು ಇದೆಯೇ ಎಂದು ಕೇಳಿದರು.

ಮಳೆ ಹಿಡಿಯಿತು. ಹೊಳೆ ತುಂಬಿ ನಡುಗಡ್ಡೆ ಮುಳುಗಿತು. ಜಾಲಿಯ ತುದಿ ಮಾತ್ರ ಕಾಣುತ್ತದೆ ಎಂದು ತೆಪ್ಪದವನು ಫೋನಿನಲ್ಲಿ ಹೇಳಿದ. ಅಣ್ಣ ಮತ್ತೆ ಬಂದ. ಈ ಸಲ ಅವನು ತೆಲುಗಿನಲ್ಲಿ ಶುರು ಮಾಡುತ್ತಲೇ ಅತ್ತೆ ಒಳಗಿನಿಂದ ಹೊರಗೆ ಬಂದು ಎದುರು ಕೂತರು.

'ಕನ್ನಡದಾಗ ಮಾತಾಡ್ರಿ. ನನಗೂ ತಿಳೀಲಿ' ಎಂದರು. ಅಣ್ಣ ಕನ್ನಡದಲ್ಲಿ ಎಲ್ಲ ಹೇಳಿದ. ಅತ್ತೆ ಪೂರಾ ಕೇಳಿಸಿಕೊಂಡರು. 'ಛಲೋ ಮಾತ ಹೇಳೀರಿ. ಆಕಿ ಹರೇದಾಕಿ, ಮದುವಿ ಆಗ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನೀವು ನನ್ನ ಮುಂದ ಹೇಳಾಕತ್ತೀರಿ, ಆಕಿ ಇಲ್ಲೇ ಕುಂತಾಳ. ಆಕೀನ್ನ ಕೇಳ್ರಿ.'

ಇಬ್ಬರೂ ನನ್ನ ಕಡೆ ನೋಡಿದರು. ಗಂಡ ಹೋದ ಮೇಲೆ ನಿನಗೇನು ಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಎಲ್ಲಿ ಕೂಡಬೇಕು, ಯಾವ ಕಾಗದದ ಮೇಲೆ ಸಹಿ ಮಾಡಬೇಕು ಎಂದು ಹೇಳಿದ್ದರು, ಮಾಡಿದ್ದೆ.

'ಸದ್ಯ ಇಲ್ಲೇ ಇರ್ತೀನಿ ಅಣ್ಣಾ. ಮದುವಿ ಬ್ಯಾಡ. ಮುಂದ ಬೇಕನಿಸಿದ್ರ ನಾನೇ ಹೇಳ್ತೀನಿ' ಎಂದೆ. ಅದು ತ್ಯಾಗವಲ್ಲ, ಅತ್ತೆಯ ಮೇಲಿನ ಪ್ರೀತಿಯೆಂದೂ ಹೇಳಲಾರೆ. ಆ ಮನೆಯಲ್ಲಿ ನನ್ನ ಗಂಡನ ವಿಷಯ ಮಾತಾಡಬಲ್ಲ ಮನುಷ್ಯರು ಒಬ್ಬರಿದ್ದರು, ಬೇರೆಲ್ಲೂ ಇರಲಿಲ್ಲ. ಅಣ್ಣ ಬೇಜಾರು ಮಾಡಿಕೊಳ್ಳದೆ ಊಟ ಮಾಡಿ ಹೋದ.

ಶ್ರಾವಣದಲ್ಲಿ ಒಂದು ದಿನ ಕಚೇರಿಯಲ್ಲಿ ಕಬ್ಬಿಣದ ಬೀರುವಿನ ಬಾಗಿಲು ಹಾಕುವಾಗ ನನ್ನ ಬೆರಳು ಸಿಕ್ಕಿತು. ಉಗುರು ಕಪ್ಪಾಯಿತು. ಬಾಯಿಂದ ಕೂಗು ಬಂತು, ಕೂಗಿನ ಹಿಂದೆ ಅಳು ಬಂತು, ಬಂದದ್ದು ನಿಲ್ಲಲಿಲ್ಲ. ನೆಲದ ಮೇಲೆ ಕೂತು ಅಳುತ್ತಲೇ ಇದ್ದೆ. ಗುಮಾಸ್ತ ನೀರು ತಂದ, ಹೆಂಗಸರು ಅರಿಸಿನ ಹುಡುಕಿದರು, ಸಾಹೇಬರು ಬಾಗಿಲಿಗೆ ಬಂದು ನಿಂತು ಹೋದರು. ಒಂದು ಬೆರಳಿಗೆ ಇಷ್ಟು ಅಳುವೇ ಎಂದು ಯಾರಿಗಾದರೂ ಅನಿಸಿರಬಹುದು. ಬೆರಳೂ ನಿಜವಾಗಿಯೇ ನೋಯುತ್ತಿತ್ತು.

ಸಂಜೆ ಮನೆಗೆ ಬಂದಾಗ ಅತ್ತೆ ಬೆರಳು ನೋಡಿದರು, ಆಮೇಲೆ ಉಬ್ಬಿದ ನನ್ನ ಕಣ್ಣು ನೋಡಿದರು. ಹಳೆಯ ಧೋತರ ಹರಿದು ಪಟ್ಟಿ ಕಟ್ಟಿದರು. 'ಪಲ್ಯ ನೀ ಹೆಚ್ಚಬ್ಯಾಡ ಇವತ್ತ' ಎಂದು ಹೇಳಿ, ಒಲೆ ಹಚ್ಚಿ, ಅನ್ನಕ್ಕೆ ಎಸರು ಇಟ್ಟರು.